ಶ್ರಾವಣದ ಗಂಟು

ಕೆಲಗೇರಿ ಕೆರೆಯ ದಂಡೆಯಲ್ಲಿ ಈಗ ಎದ್ದು ನಿಂತಿರುವ ಮೂರು ಎತ್ತರದ ಕಟ್ಟಡಗಳಿಗೂ ಕಡಲಿನ ಹೆಸರಿಟ್ಟಿದ್ದಾರೆ. ಒಂದರ ಹೆಸರಿನಲ್ಲಿ ಅಲೆಯಿದೆ, ಇನ್ನೊಂದರಲ್ಲಿ ಮುತ್ತಿದೆ, ಮತ್ತೊಂದರಲ್ಲಿ ಮರಳ ತೀರವಿದೆ. ಎಲ್ಲವೂ ಇಂಗ್ಲಿಷಿನಲ್ಲಿ, ನೀಲಿ ದೀಪದ ಅಕ್ಷರಗಳಲ್ಲಿ. ಧಾರವಾಡಕ್ಕೂ ಕಡಲಿಗೂ ನಡುವೆ ಇಡೀ ಘಟ್ಟ ಅಡ್ಡ ಮಲಗಿದೆ ಎಂಬುದು ಹೆಸರಿಟ್ಟವರಿಗೆ ಹೊಳೆದಂತಿಲ್ಲ. ಈ ಮೂರರ ನಡುವೆ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಕೆ ಚೂರಿನಂತೆ, ನನ್ನ ಹೆಂಚಿನ ಮನೆಯಿದೆ. ಒಳ್ಳೆಯ ಬಿಸಿಲಿರುವ ದಿನ ನಾನು ಅಂಗಳದ ತಂತಿಗೆ ಬಂಗಡೆ ಮೀನು ಒಣಹಾಕುತ್ತೇನೆ. ಆಗ ಮೇಲಿನ ಬಾಲ್ಕನಿಗಳ ಗಾಜಿನ ಬಾಗಿಲುಗಳು ಒಂದೊಂದಾಗಿ ಸರಿದು ಮುಚ್ಚಿಕೊಳ್ಳುವ ಸದ್ದು ಕೇಳುತ್ತದೆ. ಒಂದೆರಡು ಸಲ ಆ ಕಟ್ಟಡಗಳ ಸಂಘದ ಕಾರ್ಯದರ್ಶಿ ಬಂದು, ಬಹಳ ಸಭ್ಯವಾಗಿ ಚಹಾ ಕುಡಿದು, "ಮೇಡಂ, ಇದು ವ್ಯೂ ಇರೋ ಜಾಗ ನೋಡಿ" ಎಂದು ಹೇಳಿ ಹೋಗಿದ್ದಾರೆ. ನೋಟ ಚೆನ್ನಾಗಿದೆ ಎಂಬ ಕಾರಣಕ್ಕೆ ನಮ್ಮನ್ನು ಎಬ್ಬಿಸಲು ಬಂದವರಲ್ಲಿ ಅವರು ಮೂರನೆಯವರು. ನನ್ನ ತಲೆ ಅರ್ಧ ಬೆಳ್ಳಗಾಗಿದೆ, ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಗಟ್ಟಿಯಾಗಿದೆ. ಆದರೂ ನಾನು ಜಗಳ ಆಡುವುದಿಲ್ಲ, ಇನ್ನೊಂದು ಕಪ್ ಚಹಾ ಕೊಡುತ್ತೇನೆ.

ಮೊದಲನೆಯ ಸಲ ಎಬ್ಬಿಸಿದ್ದು ಕಾರವಾರದ ಕಡೆಯ ನಮ್ಮ ಮರಳದಂಡೆಯಿಂದ. ಅಲ್ಲಿ ನಮ್ಮವರ ಕೆಲವು ಮನೆಗಳಿದ್ದವು, ತೆಂಗಿನ ಮರಗಳಿದ್ದವು, ಮಗುಚಿಟ್ಟ ದೋಣಿಗಳಿದ್ದವು. ಸಮುದ್ರ ಚೆನ್ನಾಗಿ ಕಾಣುತ್ತದೆಂದು ಯಾರೋ ದೊಡ್ಡವರು ಆ ದಂಡೆಯನ್ನೇ ಕೊಂಡು ರಿಸಾರ್ಟ್ ಕಟ್ಟಿಸಿದರು. ನಾನಾಗ ಆರು ವರ್ಷದವಳು. ನನಗೆ ನೆನಪಿರುವುದು ಅಡುಗೆ ಮನೆಯ ಗೋಡೆ ಬಿದ್ದಾಗ ಒಳಗಿನ ಮಸಿ ಇಡೀ ಊರಿಗೆ ಕಂಡದ್ದು, ಮತ್ತು ಅದಕ್ಕೆ ನನ್ನ ತಾಯಿ ನಾಚಿಕೊಂಡದ್ದು. ನನ್ನ ತಂದೆಯ ತಾಯಿಯನ್ನು ನಮ್ಮ ಮಾತಿನಲ್ಲಿ ಆಜಿ ಎನ್ನುತ್ತಿದ್ದೆವು. ಆಜಿ ಅಳಲಿಲ್ಲ. ಅವಳು ಎಷ್ಟೋ ವರ್ಷಗಳಿಂದ ಒಣಮೀನಿನ ಚೀಲ ಲಾರಿಗೆ ಹೇರಿಕೊಂಡು ಘಟ್ಟ ಹತ್ತಿ ಧಾರವಾಡದ ಸಂತೆಗೆ ಬಂದು ಹೋಗುತ್ತಿದ್ದವಳು. ಈ ಸಲ ಚೀಲಗಳ ಜೊತೆ ನಮ್ಮನ್ನೂ ಹತ್ತಿಸಿದಳು. ಯಾಕೆ ಬಂದಿರಿ ಎಂದು ಸಂತೆಯಲ್ಲಿ ಕೇಳಿದವರಿಗೆಲ್ಲ ಅವಳು ಕೊಡುತ್ತಿದ್ದ ಉತ್ತರ ಒಂದೇ.

"ಸಮುದ್ರ ನೋಡಾಕ ಬರೋರಿಗಿ ನಾವು ಅಡ್ಡ ನಿಂತಿದ್ವಿರಿ. ಅದಕ್ಕ ಸರದ ನಿಂತ್ವಿ."

ನಮಗೆ ಜಾಗ ಕೊಟ್ಟವರು ಗೌಡರ ಮನೆಯ ನೀಲವ್ವ. ಊರಿನವರು ಅವರನ್ನು ಗೌಡಶಾನಿ ಎನ್ನುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮನೆ, ಹೊಲ, ಮಗ ಬಸನಗೌಡ ಎಲ್ಲವೂ ಅವರ ಹದ್ದುಬಸ್ತಿನಲ್ಲಿ ನಡೆಯುತ್ತಿದ್ದವು. ಕೆರೆಯ ಪಕ್ಕದ ಹೊಲ ಮಾತ್ರ ಗಂಡನ ಮನೆಯ ಗೌಡಕಿಯದಲ್ಲ, ನೀಲವ್ವಾರದೇ ಸ್ವಂತದ್ದು. ಮದುವೆಯಲ್ಲಿ ತವರಿನವರು ಅರಿಷಿಣ ಕುಂಕುಮಕ್ಕೆಂದು ಹೆಣ್ಣುಮಗಳ ಹೆಸರಿಗೆ ಬರೆದುಕೊಟ್ಟದ್ದು. ನಾವು ಬಂದ ವಾರ ಮಳೆ ಹಿಡಿದಿತ್ತು, ನನಗೆ ಜ್ವರ ಬಂದಿತ್ತು. ಕೆರೆಯ ಏರಿಯ ಮೇಲೆ ತಾಡಪತ್ರಿ ಕಟ್ಟಿಕೊಂಡು ಕುಳಿತ ನಮ್ಮನ್ನು ಹೊಲಕ್ಕೆ ಹೊರಟಿದ್ದ ಅವರು ನೋಡಿದರು. ನನ್ನ ಹಣೆ ಮುಟ್ಟಿದರು. ಹೊಲದ ಮೂಲೆಯ ಕಡೆ ಕೈ ತೋರಿಸಿ "ಅಲ್ಲಿ ಇರ್ರಿ" ಎಂದರು. ಎಷ್ಟು ದಿನ, ಏನು ಕೊಡಬೇಕು, ಯಾವ ಕರಾರು, ಒಂದೂ ಇಲ್ಲ. ನಮ್ಮ ಮನೆಗೆ ಇದ್ದ ಆಧಾರವೆಂದರೆ ಆ ಒಂದು "ಇರ್ರಿ" ಮಾತ್ರ.

ಮೊದಲು ತಗಡಿನದು, ಆಮೇಲೆ ಹೆಂಚಿನದು, ಹೀಗೆ ಎರಡು ಕೋಣೆ ಎದ್ದವು. ಮುಂದಿನ ಬಾಗಿಲು ರಸ್ತೆಗೆ ಇರಬೇಕೆಂದು ಅಪ್ಪ, ನೀರಿಗೆ ಇರಬೇಕೆಂದು ಆಜಿ. ಕೊನೆಗೆ ಎರಡೂ ಕಡೆ ಬಾಗಿಲಾಯಿತು. ಅಪ್ಪ ರಸ್ತೆಯ ಬಾಗಿಲಿನಿಂದ, ಆಜಿ ನೀರಿನ ಬಾಗಿಲಿನಿಂದ ಓಡಾಡಿದರು. ಅಪ್ಪನಿಗೆ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು. ಅವನ ಒಂದೇ ಹೆದರಿಕೆ ಮೀನಿನ ವಾಸನೆ. ಕಾರ್ಖಾನೆಯ ಖಾಕಿ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಂಗಳದಾಚೆಯ ಬೇವಿನ ಮರಕ್ಕೆ ತೂಗುಹಾಕುತ್ತಿದ್ದ. ಬೆಳಿಗ್ಗೆ ಬನಿಯನ್ನಿನಲ್ಲೇ ಹೋಗಿ ಮರದ ಕೆಳಗೆ ಅಂಗಿ ತೊಡುತ್ತಿದ್ದ. ಅಷ್ಟು ಮಾಡಿದರೂ ಬಸ್ಸಿನಲ್ಲಿ ಯಾರಾದರೂ ಮೂಗು ತಿರುವಿದರೆ ಸಂಜೆ ಮನೆಯಲ್ಲಿ ಅದರ ಸಿಟ್ಟು ನಮ್ಮ ಮೇಲೆ ಇಳಿಯುತ್ತಿತ್ತು. ಶಾಲೆಯಲ್ಲಿ ನನ್ನ ಬೆಂಚಿನಲ್ಲೂ ಜಾಗ ಯಾವಾಗಲೂ ವಿಶಾಲವಾಗಿಯೇ ಇರುತ್ತಿತ್ತು. ಅಪ್ಪ ನಾಚಿಕೊಂಡ, ನಾನು ಕಾಲು ಚಾಚಿ ಕುಳಿತೆ. ಸ್ವಭಾವ ಎಂಬುದು ಇಂಥಲ್ಲೇ ಗೊತ್ತಾಗುವುದು.

ಅಡುಗೆ ಮನೆಯಲ್ಲಿ ಎರಡು ನಾಡುಗಳ ಕದನವಿತ್ತು. ನಮಗೆ ಕುಚ್ಚಲಕ್ಕಿ ಗಂಜಿ ಬೇಕು. ಇಲ್ಲಿ ಸಿಗುವುದು ಜೋಳ. ಆಯಿ, ಅಂದರೆ ನನ್ನ ತಾಯಿ, ರೊಟ್ಟಿ ಬಡಿಯಲು ಕಲಿತದ್ದು ಗೌಡರ ದನದ ಮನೆ ನೋಡಿಕೊಳ್ಳುತ್ತಿದ್ದ ಫಕೀರವ್ವನಿಂದ. ಮೊದಲ ತಿಂಗಳು ಅವಳು ಬಡಿದ ರೊಟ್ಟಿ ಕರ್ನಾಟಕದ ನಕಾಶೆಯ ಹಾಗಿರುತ್ತಿತ್ತು. ಆಮೇಲೆ ಆಕೆಯ ಕೈ ಎಷ್ಟು ಹದಗೊಂಡಿತೆಂದರೆ ರೊಟ್ಟಿಯ ಮೇಲೆ ಸುಟ್ಟ ಬಂಗಡೆ ಇಟ್ಟು, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ತಿನ್ನುವುದೇ ನಮ್ಮ ಹೊಸ ಊಟವಾಯಿತು. ಕಡಲೂ ಅಲ್ಲದ ಧಾರವಾಡವೂ ಅಲ್ಲದ ಆ ಊಟದ ರುಚಿ ಇವತ್ತಿಗೂ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮಾತಿನದೂ ಹಾಗೆಯೇ ಆಯಿತು. ಸಂತೆಯಲ್ಲಿ ನಾಲಿಗೆ ತೊಡರಬಾರದೆಂದು ಆಜಿ ಮನೆಯೊಳಗೂ ಧಾರವಾಡದ ಕನ್ನಡವನ್ನೇ ಆಡಲು ಹಟ ಹಿಡಿದಳು. ಬೈಗುಳಕ್ಕೆ ಮಾತ್ರ ಕೊಂಕಣಿಯನ್ನು ಉಳಿಸಿಕೊಂಡಳು.

ಈಗ ಗಂಟಿನ ವಿಷಯ. ನಮ್ಮ ಕಡಲ ಕಡೆ ಒಂದು ಪದ್ಧತಿಯಿತ್ತು. ಮಳೆಯ ಅಬ್ಬರ ಇಳಿದು ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮಾರನೆಯ ದಿನ, ಯಾರು ನಮಗೆ ನಿಲ್ಲಲು ನೆಲ ಕೊಟ್ಟಿದ್ದಾರೋ ಅವರ ಮನೆಗೆ ಮೀನಿನ ಮೊದಲ ಪಾಲು ಹೋಗಬೇಕು. ಅದು ಬಾಡಿಗೆಯಲ್ಲ, ಮಾನ. ಅದನ್ನು ಮನೆಯ ಹೆಣ್ಣುಮಗು ಒಬ್ಬಳೇ ಹೊತ್ತುಕೊಂಡು ಹೋಗಬೇಕು; ದೊಡ್ಡವರು ಅವತ್ತು ಆ ಹೊಸ್ತಿಲ ಕಡೆ ಸುಳಿಯಬಾರದು, ಸುಳಿದರೆ ಬದಲಿಗೆ ಏನೋ ಬೇಡಲು ಬಂದಂತೆ. ಹಸಿ ಮೀನು ಇಲ್ಲಿ ಎಲ್ಲಿಂದ ತರುವುದು? ಆಜಿ ಒಣಮೀನಿನಲ್ಲೇ ಅತಿ ಒಳ್ಳೆಯದನ್ನು, ಉಪ್ಪು ಹಾಕಿ ಒಣಗಿಸಿದ ಇಸ್ವಣ ಮೀನಿನ ದಪ್ಪ ತುಂಡುಗಳನ್ನು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಮೇಲೆ ಒಂದು ಹೂವು ಸಿಕ್ಕಿಸಿದಳು. ನನ್ನ ಕೈಗೆ ಕೊಟ್ಟು ಗೌಡರ ಮನೆಗೆ ಕಳಿಸಿದಳು.

ಓದುವವರಿಗೆ ಇಷ್ಟು ಹೊತ್ತಿಗೆ ಎದೆ ಧಸಕ್ಕೆಂದಿರಬೇಕು. ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆ ಅದು. ಅದರ ಮೇಲೆ ಶ್ರಾವಣ ಮಾಸ. ಊರಿನಲ್ಲಿ ಮಾಂಸ ಮೀನು ತಿನ್ನುವವರಲ್ಲೂ ಬಹಳ ಜನ ಬಿಟ್ಟಿರುವ ತಿಂಗಳಲ್ಲಿ, ಒಂದೇ ಹೊತ್ತು ಊಟ ಮಾಡುವ ಗೌಡಶಾನಿಯ ಮನೆಗೆ ನಾನು ಮೀನು ಹೊತ್ತುಕೊಂಡು ಹೊರಟಿದ್ದೆ. ಆಜಿ ದಡ್ಡಿಯಾಗಿರಲಿಲ್ಲ. ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಯಾರು ದೂರ ಸರಿಯುತ್ತಾರೆ ಎಂಬುದು ಅವಳಿಗೆ ಬಾಯಿಪಾಠವಿತ್ತು. ಆದರೆ ನಮ್ಮ ಕಡೆ ಜನಿವಾರದವರೂ ಮೀನು ತಿನ್ನುತ್ತಾರೆ, ಮನೆತನ ದೊಡ್ಡದಾದಷ್ಟೂ ದೊಡ್ಡ ಮೀನನ್ನೇ ಕೇಳುತ್ತಾರೆ. ಹಾಗಾಗಿ ದೊಡ್ಡವರು ಸಂತೆಯಲ್ಲಿ ಬೇಡ ಎನ್ನುವುದು ಮರ್ಯಾದೆಗೆ, ಮನೆಯೊಳಗೆ ಬೇರೆಯೇ ಇರುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

"ಹಿತ್ತಲ ಬಾಗಲಾ ಬಡಿ, ಸುಲೂ. ಹೊರಗ ಯಾರಿಗೂ ಹೇಳಬ್ಯಾಡ. ದೊಡ್ಡ ಮಂದಿ ಗುಟ್ಟು ನಾವು ಕಾಯಬೇಕು."

ಹಿತ್ತಿಲ ಬಾಗಿಲು ತೆರೆದವರು ನೀಲವ್ವಾರೇ. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಗಂಟು ನೋಡಿದರು, ಹೂವು ನೋಡಿದರು, ವಾಸನೆ ತಾನಾಗಿಯೇ ಹೇಳಬೇಕಾದದ್ದನ್ನು ಹೇಳಿತು. ನಾನು ಆಜಿ ಕಲಿಸಿದ್ದನ್ನು ಒಪ್ಪಿಸಿದೆ: ನೀವು ನೆಲ ಕೊಟ್ಟಿರಿ, ನಾವು ಮಾನ ಕೊಡುತ್ತೇವೆ. ಅವರು ಎರಡೂ ಕೈ ಚಾಚಿ ಗಂಟು ಇಸಿದುಕೊಂಡು, ಕುಂಕುಮ ತಂದು ಅದರ ಮೇಲೆ ಒಂದು ಬೊಟ್ಟು ಇಟ್ಟು, ನನ್ನನ್ನು ಅಲ್ಲೇ ಕೂರಲು ಹೇಳಿ ದನದ ಮನೆಯ ಕಡೆ ಹೋದರು. ತಿರುಗಿ ಬರುವಾಗ ತಲೆಯಿಂದ ನೀರು ಸೋರುತ್ತಿತ್ತು. ಇನ್ನೊಮ್ಮೆ ಸ್ನಾನ ಮಾಡಿಕೊಂಡು ಬಂದಿದ್ದರು. ನನ್ನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಬೇರೆ ಬಟ್ಟೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ನನಗೆ ಎಲ್ಲವೂ ಅರ್ಥವಾಗಿಬಿಟ್ಟಿತ್ತು. ಮುಖ ಉರಿಯುತ್ತಿತ್ತು. ಅವರು ನನ್ನ ಮುಂದೆ ಕುಳಿತರು.

"ನೀವು ತಿನ್ನೂದಿಲ್ಲೇನ್ರಿ ಅವ್ವಾರ?"

"ಇಲ್ಲವ್ವಾ. ಫಕೀರವ್ವಗ ಕೊಟ್ಟೇನಿ, ಅವರ ಮನ್ಯಾಗ ತಿಂತಾರ."

"ಮತ್ತ ಯಾಕ ಇಸ್ಕೊಂಡ್ರಿ?"

"ನಿಮ್ಮ ಆಜಿ ಮಾನ ಅಂತ ಕಳಸ್ಯಾಳ. ಮಾನ ಹೊಳ್ಳಿ ಕಳಸಬಾರದು. ಇದನ್ನ ಆಕಿಗಿ ಹೇಳಬ್ಯಾಡ, ನೊಂದ್ಕೋತಾಳ."

ಹೀಗೆ ಒಂದೇ ಬೆಳಿಗ್ಗೆ ಇಬ್ಬರು ಹೆಂಗಸರು ನನಗೆ ಹೇಳಬೇಡ ಎಂದರು. ಒಬ್ಬಳು ಅವರು ತಿನ್ನುವುದನ್ನು ಹೇಳಬೇಡ ಎಂದಳು, ಇನ್ನೊಬ್ಬರು ತಿನ್ನದಿರುವುದನ್ನು. ಮನೆಗೆ ಬಂದೊಡನೆ ಆಜಿ ರೊಟ್ಟಿಯ ಗಂಟು ಬಿಚ್ಚಿ, ಹಿಗ್ಗಿ, ಹೇಗನ್ನಿಸಿತಂತೆ ಎಂದು ಕೇಳಿದಳು. ನಾಳೆ ಗೊತ್ತಾಗ್ತದ ಎಂದು ತಪ್ಪಿಸಿಕೊಂಡೆ. ಮರುದಿನ ಫಕೀರವ್ವನನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದೆ. ಅವಳ ಗಂಡ ಆ ಮೀನಿಗೆ ಎರಡು ರೊಟ್ಟಿ ಜಾಸ್ತಿ ತಿಂದಿದ್ದನಂತೆ. ನಾನು ಅದನ್ನೇ ತಂದು ಆಜಿಗೆ ಹೇಳಿದೆ, ತಿಂದವನ ಹೆಸರು ಮಾತ್ರ ಬದಲಿಸಿದೆ.

"ಬಸನಗೌಡ್ರು ಎರಡ ರೊಟ್ಟಿ ಜಾಸ್ತಿ ತಿಂದ್ರಂತ, ಆಜಿ."

ಆಜಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅಲ್ಲಿಂದ ನನಗೆ ಸುಳ್ಳಿನ ರುಚಿ ಹತ್ತಿತು. ಐದು ಶ್ರಾವಣ ನಾನು ಗಂಟು ಹೊತ್ತೆ. ಐದು ಶ್ರಾವಣ ನೀಲವ್ವಾರು ಎರಡೆರಡು ಸಲ ಮಿಂದರು. ಪ್ರತಿ ಸಲ ಫಕೀರವ್ವನ ಮನೆಯ ಸುದ್ದಿಯನ್ನು ಗೌಡರ ಮನೆಗೆ ವರ್ಗಾಯಿಸಿ ಆಜಿಗೆ ಒಪ್ಪಿಸಿದೆ. ಒಂದು ವರ್ಷ ಗೌಡರಿಗೆ ಮುಳ್ಳು ಸಿಕ್ಕಿತು. ಒಂದು ವರ್ಷ ಹುಳಿ ಮುಂದಾಯಿತು. ಒಂದು ವರ್ಷ ಬಸನಗೌಡರು ಮುಂದಿನ ಸಲ ಸೀಗಡಿ ಇದ್ದರೆ ನೋಡಿ ಎಂದರು. ಇದರಲ್ಲಿ ತಪ್ಪಿದೆ ಎಂದು ನನಗೆ ಆಗ ಅನ್ನಿಸಲಿಲ್ಲ, ಈಗಲೂ ಪೂರ್ತಿ ಅನ್ನಿಸುವುದಿಲ್ಲ. ಎರಡು ಮನೆಗಳ ಮರ್ಯಾದೆ ನನ್ನ ನಾಲಿಗೆಯ ಮೇಲೆ ನಿಂತಿದೆ ಎಂದು ಗೊತ್ತಿದ್ದ ಹುಡುಗಿ ಶಾಲೆಯ ಬೆಂಚಿನಲ್ಲಿ ಯಾರಿಗೆ ತಾನೇ ಹೆದರುತ್ತಾಳೆ?

ಐದನೆಯ ಶ್ರಾವಣ ಕಳೆದು ದೀಪಾವಳಿಯ ಹೊತ್ತಿಗೆ ಕೆರೆಯ ಸುತ್ತ ಕಲ್ಲು ನೆಡಲು ಶುರುವಾಯಿತು. ಹುಬ್ಬಳ್ಳಿಯ ದೇಶಪಾಂಡೆ ನಗರದ ಕಡೆಯಿಂದ ಒಬ್ಬರು ಬಿಳಿ ಕಾರಿನಲ್ಲಿ ಬರುತ್ತಿದ್ದರು. ಎಲ್ಲರೂ ಅವರನ್ನು ಲೇಔಟ್ ಸಾಹೇಬರು ಎನ್ನುತ್ತಿದ್ದರು, ಹೆಸರು ನನಗೆ ಕೊನೆಗೂ ತಿಳಿಯಲಿಲ್ಲ. ಕೆರೆ ಕಾಣುವ ಹಾಗೆ ಬಂಗಲೆಗಳನ್ನು ಕಟ್ಟಿಸಿ ಡಾಕ್ಟರರಿಗೂ ಮಿಲ್ಲಿನ ಮಾಲೀಕರಿಗೂ ಮಾರುವ ಯೋಜನೆ ಅವರದು. ಬಸನಗೌಡ ತನ್ನ ಪಾಲಿನ ಹೊಲ ಕೊಡಲು ಆಗಲೇ ಒಪ್ಪಿಯಾಗಿತ್ತು. ಉಳಿದದ್ದು ತಾಯಿಯ ಹೆಸರಿನಲ್ಲಿದ್ದ ಹೊಲ. ಅದರ ಮೂಲೆಯಲ್ಲೇ ನಾವಿದ್ದದ್ದು. ಕಾರು ಬಂದಾಗಲೆಲ್ಲ ಜೊತೆಗೆ ಬಂದ ಹೆಂಗಸರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಒಂದು ದಿನ ಸಾಹೇಬರು ಬಣ್ಣದ ನಕ್ಷೆಯನ್ನು ಕಾರಿನ ಬಾನೆಟ್ಟಿನ ಮೇಲೆ ಹರವಿದರು. ಅಪ್ಪ ಹಿಂದಿನಿಂದ ಇಣುಕಿ ನೋಡಿದ. ನಮ್ಮ ಅಡುಗೆ ಮನೆ ಇದ್ದಲ್ಲಿ ಹಸಿರು ಬಳಿದು, ಅದರ ಮೇಲೆ ಒಂದು ಬೆಂಚು ಬರೆದಿದ್ದರಂತೆ.

ಆ ಸಂಜೆಯ ಜಗಳ ನನಗೆ ಮಾತು ಮಾತಿಗೆ ನೆನಪಿದೆ. ಸಾಹೇಬರು ಬೇಲೂರಿನ ಆಚೆ, ಕಾರ್ಖಾನೆಗಳ ಹಿಂದೆ, ಒಂದು ಜಾಗ ಕೊಡುವುದಾಗಿ ಅಪ್ಪನಿಗೆ ಹೇಳಿದ್ದರು. ಅಪ್ಪ ಒಪ್ಪುವ ಮನಸ್ಸಿನಲ್ಲಿದ್ದ. ಆಯಿ ಒಲೆಯ ಮುಂದೆ ಕುಳಿತು ಇಬ್ಬರ ಮುಖವನ್ನೂ ನೋಡದೆ ರೊಟ್ಟಿ ಬಡಿಯುತ್ತಿದ್ದಳು.

"ಹೋಗೂಣು, ಅವ್ವಾ. ಅಲ್ಲಿ ಮಂದಿ ಇಲ್ಲ, ವಾಸನಿ ಅನ್ನೋರಿಲ್ಲ. ನನಗೂ ಫ್ಯಾಕ್ಟರಿ ಹತ್ರ ಆಗ್ತದ."

"ಅಲ್ಲಿ ನೀರೈತೇನು?"

"ಬೋರ್ ಹಾಕಸ್ತಾರಂತ."

"ನಾ ಕುಡಿಯೋ ನೀರ ಕೇಳಲಿಲ್ಲ."

ಆಜಿ ಕಡಲು ಕಳೆದುಕೊಂಡ ಮೇಲೆ ಪ್ರತಿದಿನ ಬೆಳಿಗ್ಗೆ ನೀರಿನ ಬಾಗಿಲು ತೆಗೆದು ಕೆರೆಯನ್ನು ನೋಡುತ್ತಾ ಚಹಾ ಕುಡಿಯುತ್ತಿದ್ದಳು. ಅದೊಂದಿಲ್ಲದಿದ್ದರೆ ಅವಳು ಈ ಊರಿನಲ್ಲಿ ಒಂದು ವರ್ಷವೂ ಉಳಿಯುತ್ತಿರಲಿಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಇನ್ನೊಂದು ಸಲ ಕಿತ್ತರೆ ಆಜಿ ಬೇರು ಹಿಡಿಯುವುದಿಲ್ಲ. ಅಪ್ಪನೂ ಅದನ್ನು ಬಲ್ಲ. ಬಲ್ಲದ್ದಕ್ಕೇ ಅಷ್ಟು ಸಿಟ್ಟು. ತಟ್ಟೆ ಸರಿಸಿ ಎದ್ದು ಹೋಗಿ ಬೇವಿನ ಮರದ ಕೆಳಗೆ ಕುಳಿತ.

ಎರಡು ದಿನ ಬಿಟ್ಟು ಬಸನಗೌಡ ನಮ್ಮನ್ನು ಮನೆಗೆ ಕರೆಸಿದ. ಗೌಡರ ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಲೇಔಟ್ ಸಾಹೇಬರು, ಊರಿನ ಇಬ್ಬರು ಹಿರಿಯರು, ಬಸನಗೌಡ ಮೇಲೆ ಕುಳಿತಿದ್ದರು; ಆಜಿ, ಅಪ್ಪ, ನಾನು ಕಟ್ಟೆಯ ಈಚೆ. ನಡುಮನೆಯ ಬಾಗಿಲ ಹಿಂದೆ ನೀಲವ್ವಾರ ಇಳಕಲ್ ಸೀರೆಯ ಸೆರಗು ಕಾಣುತ್ತಿತ್ತು. ಮಗ ಎಷ್ಟೋ ದಿನಗಳಿಂದ ಅವರಿಗೆ ಸಹಿ ಮಾಡೆಂದು ಗಂಟುಬಿದ್ದಿದ್ದ. ಅವರು ಹೂಂ ಎಂದಿರಲಿಲ್ಲ, ಉಹೂಂ ಎಂದಿರಲಿಲ್ಲ. ಇವತ್ತು ಹಿರಿಯರ ಮುಂದೆ ಅದನ್ನು ಮುಗಿಸುವ ಉದ್ದೇಶ ಅವನದು. ಕೆಟ್ಟವನೇನಲ್ಲ. ಆದರೆ ಬಿಳಿ ಕಾರಿನ ಸಹವಾಸದಲ್ಲಿ ಅವನ ಮಾತಿಗೆ ಇಸ್ತ್ರಿ ಬಿದ್ದಿತ್ತು.

"ನೋಡಬೇ, ಐದು ವರ್ಷ ಇದ್ದೀರಿ. ನಾವು ಬ್ಯಾಡ ಅಂದಿಲ್ಲ. ಆದ್ರ ಒಂದು ದಿನಾನೂ ನೀವು ನಮಗ ಏನೂ ಕೊಟ್ಟಿಲ್ಲ. ಕೊಡದ ಇದ್ದವರು ಹೇಳಿದ ದಿನ ಎದ್ದು ಹೋಗಬೇಕಲ್ಲ?"

ಕೊಟ್ಟಿಲ್ಲ ಎಂಬ ಮಾತು ಆಜಿಗೆ ನಾಟಿತು. ಜಾಗ ಬಿಡಿ ಎಂದಿದ್ದರೆ ಅವಳು ಕೈಮುಗಿದು ಬೇಡುತ್ತಿದ್ದಳೇನೋ. ಕೊಟ್ಟಿಲ್ಲ ಎಂದರೆ ಅವಳ ಮಾನಕ್ಕೇ ಕೈಹಾಕಿದಂತೆ. ಮಂಡಿಯ ಮೇಲೆ ಕೈಯೂರಿ ಎದ್ದು ನಿಂತಳು.

"ಕೊಟ್ಟಿಲ್ಲೇನಪಾ? ವರ್ಷಾ ಶ್ರಾವಣದಾಗ ನನ್ನ ಇಸ್ವಣದ ಗಂಟು ಯಾರ ಹಿತ್ತಲಕ ಬರ್ತಿತ್ತು? ನೀನ ಎರಡ ರೊಟ್ಟಿ ಜಾಸ್ತಿ ತಿಂದೀದಿ. ಸೀಗಡಿ ಬೇಕು ಅಂತ ಹೇಳಿ ಕಳಿಸಿದಿ. ನಿಮ್ಮ ಗುಟ್ಟು ಅಂತ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ ನಾನು."

ಹಿರಿಯರಲ್ಲಿ ಒಬ್ಬರು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು. ಬಸನಗೌಡನ ಮುಖ ಕಪ್ಪಿಟ್ಟಿತು. ಅಂಗಿಯ ಒಳಗಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದ.

"ಏನಂದಿ? ಈ ಮನ್ಯಾಗ ಮೀನಾ? ಯಾರ ಹೇಳಿದ್ರು ನಿನಗ?"

"ಸುಲೂ, ಹೇಳ. ನೀನ ಬಂದು ಹೇಳ್ತಿದ್ದೆಲ್ಲ, ಹೇಳ ಇವಗ."

ಎಲ್ಲರೂ ನನ್ನ ಕಡೆ ತಿರುಗಿದರು. ನನಗಾಗ ಹನ್ನೊಂದು. ಆ ಕ್ಷಣದ ಲೆಕ್ಕಾಚಾರ ನನ್ನ ತಲೆಯಲ್ಲಿ ಸ್ಪಷ್ಟವಾಗಿ ಓಡಿತು. ಹೌದು ಎಂದರೆ ಆಜಿ ಗೆಲ್ಲುತ್ತಾಳೆ, ನೀಲವ್ವಾರ ಮನೆತನ ಊರ ಮುಂದೆ ಬೀಳುತ್ತದೆ. ಇಲ್ಲ ಎಂ​ದರೆ ಆ ಮನೆ ಉಳಿಯುತ್ತದೆ, ನಮ್ಮ ಮನೆ ಹೋಗುತ್ತದೆ. ಜೊತೆಗೆ ಆಜಿ ಎಲ್ಲರೆದುರು ಸುಳ್ಳಿಯಾಗುತ್ತಾಳೆ. ಆದರೂ ನಾನು ಹೇಳಿದೆ, ಮತ್ತು ಹೇಳುವಾಗ ಆಜಿಯ ಮುಖವನ್ನೇ ನೋಡಿಕೊಂಡು ಹೇಳಿದೆ. ಅಷ್ಟು ಧೈರ್ಯ ನನಗಿತ್ತು ಎಂಬ ಹೆಮ್ಮೆ ಇವತ್ತಿಗೂ ಇದೆ.

"ಅವರು ತಿಂದಿಲ್ಲ, ಆಜಿ. ಒಂದ ಸಲಾನೂ ತಿಂದಿಲ್ಲ. ನಾನ ಸುಳ್ಳ ಹೇಳೇನಿ."

ಆಜಿ ನನ್ನನ್ನು ಹೊಡೆಯಲಿಲ್ಲ. ನಿಂತಲ್ಲೇ ಕುಸಿದು ಕುಳಿತಳು. ಐದು ವರ್ಷದ ಹಿಗ್ಗು ಅವಳ ಮುಖದಿಂದ ಇಳಿದು ಹೋದದ್ದನ್ನು ನಾನು ಕಂಡೆ. ಅದರಷ್ಟು ನೋವಿನ ನೋಟ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಬಸನಗೌಡ ಹಿರಿಯರ ಕಡೆ ತಿರುಗಿದ. ಅವನ ದನಿಯಲ್ಲಿ ಗೆದ್ದ ನೆಮ್ಮದಿಯಿತ್ತು.

"ಕೇಳಿದ್ರೆಲ್ಲ. ಅವರು ಕೊಟ್ಟಿಲ್ಲ, ನಾವು ತಗೊಂಡಿಲ್ಲ. ಮಾತು ಮುಗೀತು."

"ಮುಗಿದಿಲ್ಲ."

ನೀಲವ್ವಾರು ಬಾಗಿಲ ಹಿಂದಿನಿಂದ ಹೊರಗೆ ಬಂದಿದ್ದರು. ಗಂಡಸರು ಕುಳಿತಿದ್ದ ಪಡಸಾಲೆಗೆ ಅವರು ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು.

"ತಿಂದಿಲ್ಲ, ಖರೇ. ಆದ್ರ ತಗೊಂಡೇನಿ. ಐದೂ ವರ್ಷ, ಶ್ರಾವಣದಾಗ, ಈ ಎರಡೂ ಕೈಲೆ ಇಸ್ಕೊಂಡೇನಿ."

"ಅವ್ವಾ, ಒಳಗ ನಡೀರಿ. ಮಂದಿ ಕುಂತಾರ."

"ಮಂದಿ ಕುಂತಾರಂತ ಹೇಳಾಕತ್ತೇನಿ. ಕುಂಕುಮ ಹಚ್ಚಿ ಇಸ್ಕೊಂಡೇನಿ, ಫಕೀರವ್ವಗ ಕೊಟ್ಟೇನಿ, ಮತ್ತ ಜಳಕಾ ಮಾಡೇನಿ. ಬ್ಯಾಡ ಅಂತ ಒಂದ ವರ್ಷಾನೂ ಅಂದಿಲ್ಲ. ಮಾನ ಇಸ್ಕೊಂಡ ಮ್ಯಾಲ ಜಾಗಾ ಕೊಟ್ಟಂಗ. ಇವರು ಪುಕ್ಕಟ ಕುಂತಿಲ್ಲ. ಆ ಮೂಲಿಗಿ ನಾ ಸಹಿ ಮಾಡೂದಿಲ್ಲ."

ಹಿರಿಯರಲ್ಲಿ ಒಬ್ಬರು ಚಹಾ ಮುಗಿಸದೆ ಎದ್ದು ಚಪ್ಪಲಿ ಮೆಟ್ಟಿದರು. ಶ್ರಾವಣದಲ್ಲಿ ಮೀನು ಮುಟ್ಟಿದ ಕೈ ಎಂಬ ಮಾತು ಸಂಜೆಯೊಳಗೆ ಊರು ಸುತ್ತಿತು. ಪ್ರತಿ ಸೋಮವಾರ ಗೌಡರ ಮನೆಗೆ ಭಜನೆಗೆ ಬರುತ್ತಿದ್ದ ಹೆಂಗಸರು ಎಷ್ಟೋ ತಿಂಗಳು ಬರಲಿಲ್ಲ. ಆ ಸೋಮವಾರಗಳಲ್ಲಿ ನೀಲವ್ವಾರು ಒಬ್ಬರೇ ಕುಳಿತು ಹಾಡಿದ್ದನ್ನು ಫಕೀರವ್ವ ಬಂದು ಆಯಿಗೆ ಹೇಳಿದಳು. ನಮ್ಮ ಎರಡು ಕೋಣೆಗೆ ಅವರು ತೆತ್ತದ್ದು ಅದನ್ನು. ಅದರ ಮುಂದೆ ನಾವು ವರ್ಷಕ್ಕೊಂದು ಕಳಿಸಿದ ಗಂಟು ಎಲ್ಲಿಯ ಲೆಕ್ಕ?

ನಮ್ಮ ಮನೆಯಲ್ಲಿ ಬೇರೆ ಮೌನ. ಆಜಿ ನನ್ನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಜಡೆ ಎಂದಿಗಿಂತ ಬಿಗಿಯಾಗಿ ಹೆಣೆಯುತ್ತಿದ್ದಳು; ಮಾತು ಮಾತ್ರ ಇಲ್ಲ. ಅವಳಿಗೆ ಏನಾದರೂ ಹೇಳಬೇಕಿದ್ದರೆ ಆಯಿಗೆ ಹೇಳುತ್ತಿದ್ದಳು, ನಾನು ಎದುರಿಗೇ ಕುಳಿತಿರುವಾಗ. "ಆ ಸುಳ್ಳಿಗಿ ಹೇಳ, ಹಾಲು ಕುಡದ ಹೋಗಂತ." ನಾನು ಹಾಲು ಕುಡಿದು ಹೋಗುತ್ತಿದ್ದೆ. ಅಪ್ಪ ಮಾತ್ರ, ಆಶ್ಚರ್ಯವೆಂಬಂತೆ, ನನ್ನ ಪಕ್ಷಕ್ಕೆ ಬಂದ. ಒಂದು ದಿನ ಕಾರ್ಖಾನೆಯ ಅಂಗಿಯನ್ನು ಮರಕ್ಕೆ ಕಟ್ಟದೆ ಒಳಗೆ ತಂದು ಗೋಡೆಯ ಮೊಳೆಗೆ ಹಾಕಿದ.

ಚಳಿಗಾಲ ಮುಗಿಯುವ ಹೊತ್ತಿಗೆ ನೀಲವ್ವಾರು ಹೇಳಿ ಕಳಿಸಿದರು. ತಾವು ಇಲ್ಲದ ಮೇಲೆ ಮಗ ಏನು ಮಾಡುತ್ತಾನೋ ಎಂದು, ಆ ಮೂಲೆಯನ್ನು ದಾನಪತ್ರ ಮಾಡಿಕೊಡಲು ನಿಶ್ಚಯಿಸಿದ್ದರು. ಆಜಿ ಒಳ್ಳೆಯ ಸೀರೆ ಉಟ್ಟಳು. ಪತ್ರ ತನ್ನ ಹೆಸರಿಗೆ ಆಗುತ್ತದೆಂದೇ ಅವಳು ತಿಳಿದದ್ದು. ನಾವೆಲ್ಲ ಟಾಂಗಾದಲ್ಲಿ ನೋಂದಣಿ ಕಚೇರಿಗೆ ಹೋದೆವು. ನೀಲವ್ವಾರು ಮೊದಲೇ ಬಂದು ಬೆಂಚಿನ ಮೇಲೆ ಕುಳಿತಿದ್ದರು, ಬಸನಗೌಡ ಜೊತೆಗಿದ್ದ. ಬೇಸರದ ಮುಖವೇ, ಆದರೂ ತಾಯಿಯನ್ನು ಒಬ್ಬರನ್ನೇ ಕಳಿಸದೆ ಬಂದಿದ್ದ. ಯಾರ ಹೆಸರಿಗೆ ಎಂದು ಗುಮಾಸ್ತರು ಕೇಳಿದಾಗ ನೀಲವ್ವಾರು ನನ್ನನ್ನು ಹತ್ತಿರ ಕರೆದು ಹೆಗಲ ಮೇಲೆ ಕೈಯಿಟ್ಟರು.

"ಈ ಹುಡುಗೀ ಹೆಸರಿಗಿರಿ. ಅವರಪ್ಪ ಪಾಲಕ ಅಂತ ಸಹಿ ಮಾಡ್ತಾನ."

ಆಜಿ ತಲೆಯೆತ್ತಿದಳು. ನೀಲವ್ವಾರು ಅವಳ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದರು.

"ನೀ ತಿಂತಾರಂತ ತಿಳಕೊಂಡು ಕಳಿಸಿದಿ, ಅಕ್ಕಾ. ತಿನ್ನೂದಿಲ್ಲಂತ ಗೊತ್ತಿದ್ದೂ ಹೊತ್ತು ತಂದಾಕಿ ಇಕಿ. ನಮ್ಮಿಬ್ಬರ ಭಾರಾನೂ ಇಕೀನ ಹೊತ್ತಾಳ."

ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಅರ್ಜಿಯ ಸಾಲುಗಳನ್ನು ತುಂಬುತ್ತಾ ಹೋದರು: ಕೊಡುವವರ ಹೆಸರು, ಪಡೆಯುವವರ ಹೆಸರು, ವಯಸ್ಸು, ಚತುಸ್ಸೀಮೆ. ಒಂದು ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು.

"ಕೊಡೋರಿಗೂ ತಗೊಳೋರಿಗೂ ಏನ ಸಂಬಂಧರಿ?"

ಅಪ್ಪ ನೆಲ ನೋಡಿದ, ಬಸನಗೌಡ ಕಿಟಕಿ ನೋಡಿದ. ಸುಳ್ಳು ಎಂಬುದನ್ನು ಜೀವಮಾನದಲ್ಲಿ ಆಡದ ನೀಲವ್ವಾರು ಹೇಳಿದರು:

"ಮೊಮ್ಮಗಳು ಅಂತ ಬರಕೋರಿ."

ಗುಮಾಸ್ತರು ಅವರ ವಿಭೂತಿಯನ್ನು ನೋಡಿದರು, ನಮ್ಮನ್ನು ನೋಡಿದರು, ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಕುಳಿತರು. ಆಗ ಸುಳ್ಳು ಹೇಳಿದ್ದಕ್ಕೆ ನನ್ನ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದ ಆಜಿ ಮೇಜಿನ ಹತ್ತಿರ ಬಂದು ನನ್ನ ಕೈ ಹಿಡಿದು ಮುಂದೆ ನಿಲ್ಲಿಸಿದಳು.

"ಹೌದ್ರಿ. ಅವರ ಮೊಮ್ಮಗಳ ಇಕಿ. ನಾ ಸಾಕ್ಷಿ."